ದೆವ್ವದ ಕೋಟೆ, ಕೊಲೆ ನಡೆದ ಮನೆ: ಹೋಗುವ ಮುನ್ನ

ಮೊದಲು ಆ ಜಾಗ ಯಾರ ವಶದಲ್ಲಿದೆ ಎಂದು ತಿಳಿದುಕೊಳ್ಳಿ. 1971ರಲ್ಲಿ ಮುಚ್ಚಿದ ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಜೈಲು ಈಗ ಮ್ಯೂಸಿಯಂ; ಟಿಕೆಟ್ ಕೊಂಡರೆ ಸಾಕು. 1912ರಲ್ಲಿ ಎಂಟು ಜನರನ್ನು ಕೊಡಲಿಯಿಂದ ಕೊಂದ, ಅಮೆರಿಕದ ಅಯೋವಾ ರಾಜ್ಯದ ವಿಲಿಸ್ಕಾ ಮನೆಯೂ ಪ್ರವಾಸಿಗರಿಗೆ ತೆರೆದಿದೆ. ರಾಜಸ್ಥಾನದ ಭಾನಗಢ ಕೋಟೆಯೊಳಗೆ ಮಾತ್ರ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಯಾರೂ ಇರುವಂತಿಲ್ಲ. ಗೋಡೆ ಹಾರುವ ಯೋಚನೆ ಬೇಡವೇ ಬೇಡ.

ಪಾಳು ಕಟ್ಟಡವಾದರೆ ಮಾಲೀಕರಿಂದ ಬರಹದಲ್ಲಿ ಅನುಮತಿ ಪಡೆದು, ಹಗಲಲ್ಲೇ ಒಮ್ಮೆ ಸುತ್ತಿ ಬನ್ನಿ. ನಿಜವಾದ ಅಪಾಯ ಇರುವುದು ಕಾಲಡಿಯಲ್ಲಿ. ಹಳೆಯ ಮರದ ಮಹಡಿ ನಡುಭಾಗದಲ್ಲಿ ಮೊದಲು ಕುಸಿಯುತ್ತದೆ. ತೊಲೆಗಳು ಗೋಡೆಗೆ ಕೂರುವ ಅಂಚಿನಲ್ಲಿ ಸಾಮಾನ್ಯವಾಗಿ ಬಲ ಹೆಚ್ಚು. ಆದರೆ ಗೋಡೆ ಒದ್ದೆಯಾಗಿದ್ದರೆ ತೊಲೆಯ ತುದಿಯೇ ಕೊಳೆತಿರಬಹುದು. ಹಲಗೆ ಮೆತ್ತಗೆ ಬಗ್ಗಿತೆಂದರೆ ಅಲ್ಲಿಂದಲೇ ಹಿಂದಿರುಗಿ. ಬಾವಲಿ ಹಿಕ್ಕೆಯ ಧೂಳಿನಲ್ಲಿರುವ ಶಿಲೀಂಧ್ರ ಶ್ವಾಸಕೋಶಕ್ಕೆ ಸೋಂಕು ತರಬಲ್ಲದು. ಎನ್95 ಮಾಸ್ಕ್ ಹಾಕಿಕೊಳ್ಳಿ, ಹಿಕ್ಕೆ ರಾಶಿ ಬಿದ್ದ ಕೋಣೆಗೆ ಹೋಗಲೇಬೇಡಿ. ತಲೆಗೊಂದು, ಕೈಗೊಂದು ಟಾರ್ಚ್ ಇರಲಿ. ವಾಪಸಾಗುವ ಸಮಯವನ್ನು ಹೊರಗಿನ ಒಬ್ಬರಿಗೆ ಹೇಳಿಡಿ.

ದೆವ್ವ ಹುಡುಕಲೆಂದು ಇಎಂಎಫ್ ಮೀಟರ್ (ವಿದ್ಯುತ್ಕಾಂತೀಯ ಕ್ಷೇತ್ರ ಅಳೆಯುವ ಸಾಧನ) ಒಯ್ಯುವವರು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಬೇಕು. ಫೋನಿಗಷ್ಟೇ ಅಲ್ಲ, ಗೋಡೆಯೊಳಗಿನ ಕರೆಂಟ್ ತಂತಿಗೂ ಮೀಟರಿನ ಮುಳ್ಳು ಕುಣಿಯುತ್ತದೆ.

ಕೊಲೆ ನಡೆದ ಎಷ್ಟೋ ಮನೆಗಳಲ್ಲಿ ಈಗ ಬೇರೆ ಸಂಸಾರಗಳಿವೆ. ರಸ್ತೆಯಿಂದಲೇ ನೋಡಿ; ಬೆಲ್ ಒತ್ತಬೇಡಿ, ಮನೆ ನಂಬರ್ ಕಾಣುವ ಫೋಟೋ ಹಾಕಬೇಡಿ. ಸತ್ತವರ ಮನೆಯವರು ಇನ್ನೂ ಬದುಕಿದ್ದರೆ ಸೆಲ್ಫಿಯೂ ಬೇಡ.