ಹಳೆಯ ವಿದ್ಯಾರ್ಥಿಗಳ ಬಳಗದ ಸಮಿತಿಯನ್ನು ಸದಸ್ಯರಿಗೆ ಪರಿಚಯಿಸಿದ ಬಗೆ: ನನ್ನ ಅನುಭವ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಓದಿ ಬಾಗಲಕೋಟೆ ಜಿಲ್ಲೆಯಲ್ಲಿ ನೆಲೆಸಿದವರ ಬಳಗಕ್ಕೆ ಕಾರ್ಯದರ್ಶಿಯಾಗಿ ಆಯ್ಕೆಯಾದಾಗ ನನ್ನ ಪಾಲಿಗೆ ಬಂದ ಮೊದಲ ಕೆಲಸವೆಂದರೆ, ಹೊಸ ಕಾರ್ಯಕಾರಿ ಸಮಿತಿಯ ಒಂಬತ್ತು ಮಂದಿಯನ್ನು ಸದಸ್ಯರಿಗೆ ಪರಿಚಯಿಸುವುದು. ನಮ್ಮ ಭಾಗದಲ್ಲಿ ಇದಕ್ಕೊಂದು ರೂಢಿಯ ಕ್ರಮವಿದೆ. ಸ್ನೇಹ ಸಮ್ಮಿಲನದ ವೇದಿಕೆಯಲ್ಲಿ ನಿರೂಪಕರು ಒಬ್ಬೊಬ್ಬರ ಹೆಸರು ಕರೆದು ಪದವಿ, ಪ್ರಶಸ್ತಿಗಳನ್ನು ಓದುತ್ತಾರೆ. ಶಾಲು ಹೊದಿಸಿ ಹಾರ ಹಾಕಲಾಗುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅದರಲ್ಲಿ ಪ್ರೀತಿಯಿದೆ, ಅದನ್ನು ಬಿಡಬೇಕೆಂದು ನಾನು ಹೇಳಲಾರೆ. ಆದರೆ ಮರುದಿನ ಮುಧೋಳದ ಸದಸ್ಯರೊಬ್ಬರಿಗೆ ಕಳೆದುಹೋದ ಅಂಕಪಟ್ಟಿಯ ನಕಲು ಪ್ರತಿ ಬೇಕಾದರೆ, ಇಳಕಲ್ಲಿನ ಸದಸ್ಯೆಯೊಬ್ಬರು ಮಗಳ ಹಾಸ್ಟೆಲ್ ಪ್ರವೇಶದ ಬಗ್ಗೆ ವಿಚಾರಿಸಬೇಕಾದರೆ, ಒಂಬತ್ತು ಮಂದಿಯಲ್ಲಿ ಯಾರನ್ನು ಕೇಳಬೇಕು ಎಂಬುದು ಆ ಪರಿಚಯದಿಂದ ತಿಳಿಯುವುದಿಲ್ಲ. ಆದ್ದರಿಂದ ಯಾರು ಯಾವ ಕೆಲಸಕ್ಕೆ ಹೆಗಲು ಕೊಟ್ಟಿದ್ದಾರೆ ಎಂಬುದೇ ಪರಿಚಯದ ತಿರುಳಾಗಬೇಕು, ಉಳಿದದ್ದೆಲ್ಲ ಅದರ ಸುತ್ತ ಬರಬೇಕು ಎಂದು ಆರಂಭದಲ್ಲೇ ನಿರ್ಧರಿಸಿದೆ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ನೋಂದಾಯಿತ ಸಂಘವು ವಾರ್ಷಿಕ ಮಹಾಸಭೆಯ ನಂತರ ತನ್ನ ಆಡಳಿತ ಮಂಡಳಿಯವರ ಹೆಸರು, ವಿಳಾಸ, ಉದ್ಯೋಗಗಳ ಪಟ್ಟಿಯನ್ನು ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಅನೇಕ ಸಂಘಗಳಲ್ಲಿ ಇದೇ ಪಟ್ಟಿಗೆ ಭಾವಚಿತ್ರ ಅಂಟಿಸಿ ಪರಿಚಯವೆಂದು ಹಂಚುತ್ತಾರೆ. ನಾನು ಎರಡನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿದೆ. ಕಚೇರಿಗೆ ಹೋಗುವ ಪಟ್ಟಿಯಲ್ಲಿ ಹೆಸರು ಆಧಾರ್ ಮತ್ತು ಪ್ಯಾನ್ ಕಾರ್ಡಿನಲ್ಲಿ ಇರುವಂತೆಯೇ ಇರಬೇಕು, ಇಲ್ಲವಾದರೆ ಬ್ಯಾಂಕ್ ಖಾತೆಯ ಸಹಿ ಬದಲಾಯಿಸುವಾಗ ತೊಡಕಾಗುತ್ತದೆ. ಸದಸ್ಯರ ಕೈಗೆ ಹೋಗುವ ಪರಿಚಯದಲ್ಲಿ ಮಾತ್ರ ಸಹಪಾಠಿಗಳು ಕರೆಯುವ ಹೆಸರೇ ಇರಬೇಕು.

ಪರಿಚಯವನ್ನು ನೀವೇ ಬರೆದು ಕಳಿಸಿರಿ ಎಂದು ನಾನು ಯಾರನ್ನೂ ಕೇಳಲಿಲ್ಲ. ಹಾಗೆ ಕೇಳಿದರೆ ಸಂಕೋಚದವರು ಎರಡು ಸಾಲು ಕಳಿಸುತ್ತಾರೆ, ಕೆಲವರು ನೌಕರಿಯ ಅರ್ಜಿಗೆ ಸಿದ್ಧಪಡಿಸಿದ ಸ್ವವಿವರವನ್ನೇ ಕಳಿಸುತ್ತಾರೆ. ನಾನು ಅವರವರ ಮನೆಗೆ ಅಥವಾ ಅಂಗಡಿಗೆ ಹೋಗಿ ಕುಳಿತು ಮಾತನಾಡಿಸಿದೆ. ನಮ್ಮ ಖಜಾಂಚಿಯವರು ಎಂ.ಕಾಂ. ಪದವೀಧರರು, ಗುಳೇದಗುಡ್ಡದಲ್ಲಿ ಖಣದ, ಅಂದರೆ ಕುಪ್ಪಸದ ಬಟ್ಟೆಯ, ವ್ಯಾಪಾರ ಮಾಡುತ್ತಾರೆ. "ನಾ ಏನ್ ದೊಡ್ಡ ಕೆಲಸ ಮಾಡೀನ್ರಿ ಸರ, ಹೆಸರಷ್ಟ ಬರದ ಬಿಡ್ರಿ, ಸಾಕು" ಎಂದರು. ಅಂಗಡಿಯ ಬಾಗಿಲು ಹಾಕುವವರೆಗೆ ಅಲ್ಲೇ ಕುಳಿತೆ. ಬಾಗಿಲು ಹಾಕಿದ ಮೇಲೆ ಅವರು ಖಣಗಳ ಥಾನನ್ನು ಬದಿಗೆ ಸರಿಸಿ ಬಳಗದ ರಸೀದಿ ಪುಸ್ತಕ ತೆಗೆದರು. ಕಾರ್ಬನ್ ಹಾಳೆ ಸರಿಯಾಗಿ ಕುಳಿತಿದೆಯೇ ಎಂದು ಬೆರಳಿನಿಂದ ಸವರಿ ನೋಡಿ, ನಗದು ಬಂದದ್ದನ್ನು ಒಂದು ಕಡೆಗೆ, ಯುಪಿಐ ಮೂಲಕ ಬಂದದ್ದನ್ನು ಇನ್ನೊಂದು ಕಡೆಗೆ ಬರೆಯುತ್ತ ಹೋದರು. ಯುಪಿಐ ಮೂಲಕ ಬಂದ ಹಣದಲ್ಲಿ ಎಷ್ಟೋ ಸಲ ಸದಸ್ಯರ ಮಗನ ಹೆಸರು ಅಥವಾ ಅಂಗಡಿಯ ಹೆಸರು ಇರುತ್ತದೆ. ಅದು ಯಾರ ದೇಣಿಗೆ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿ ಖಾತ್ರಿಪಡಿಸಿಕೊಂಡೇ ರಸೀದಿ ಬರೆಯುತ್ತಾರೆ. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರ ಪರಿಚಯವನ್ನು ನಾನು ಹೀಗೆ ಬರೆದೆ:

"ನಮ್ಮ ಖಜಾಂಚಿಯವರು ಗುಳೇದಗುಡ್ಡದವರು, ಎಂ.ಕಾಂ. ಪದವೀಧರರು, ಖಣದ ವ್ಯಾಪಾರಸ್ಥರು. ವಂತಿಗೆ, ದೇಣಿಗೆ ಮತ್ತು ವಿದ್ಯಾರ್ಥಿವೇತನ ನಿಧಿಯ ಲೆಕ್ಕ ಇವರ ಜವಾಬ್ದಾರಿ. ಹಣ ಕಳಿಸಿದ ಕೂಡಲೇ ನಿಮ್ಮ ಹೆಸರು, ಓದಿದ ವಿಭಾಗ ಹಾಗೂ ವರ್ಷವನ್ನು ಇವರಿಗೆ ಸಂದೇಶದಲ್ಲಿ ತಿಳಿಸಿದರೆ ರಸೀದಿ ತಲುಪುತ್ತದೆ. ರಾತ್ರಿ ಎಂಟರ ನಂತರ ಮಾತನಾಡಲು ಸಿಗುತ್ತಾರೆ."

ಇದರಲ್ಲಿ ಹೊಗಳಿಕೆಯ ಒಂದು ಶಬ್ದವೂ ಇಲ್ಲ. ಆದರೂ ಓದಿದವರಿಗೆ ಆ ಮನುಷ್ಯನ ಮೇಲೆ ವಿಶ್ವಾಸ ಮೂಡುತ್ತದೆಂದು ನಾನು ನಂಬುತ್ತೇನೆ. ಉಳಿದ ಎಂಟು ಮಂದಿಯದನ್ನೂ ಇದೇ ಅಳತೆಯಲ್ಲಿ ಬರೆದು, ಅವರವರಿಗೇ ಓದಿ ತೋರಿಸಿ, ಒಪ್ಪಿಗೆ ಪಡೆದ ಮೇಲೆಯೇ ಅಚ್ಚಿಗೆ ಕಳಿಸಿದೆ.

ಓದಿದ ವರ್ಷ ಮತ್ತು ವಿಶ್ವವಿದ್ಯಾಲಯವನ್ನು ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಸ್ಪಷ್ಟಪಡಿಸಬೇಕಾಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂತು. ಇಲ್ಲಿಯ ಪದವಿ ಕಾಲೇಜುಗಳು ದಶಕಗಳ ಕಾಲ ಅದರ ವ್ಯಾಪ್ತಿಯಲ್ಲಿದ್ದವು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅವು ಅದಕ್ಕೆ ಸೇರಿದವು, ಈಗ ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಬಂದಿದೆ. ಒಂದೇ ಕಾಲೇಜಿನ ಮೆಟ್ಟಿಲು ಹತ್ತಿದ ತಂದೆಗೆ ಧಾರವಾಡದ ಪದವಿ, ಮಗಳಿಗೆ ಬೆಳಗಾವಿಯ ಪದವಿ. ನಮ್ಮ ಸಮಿತಿಯ ಅತಿ ಕಿರಿಯ ಸದಸ್ಯೆ ಬಿ.ಎ. ಓದಿದ್ದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜಿನಲ್ಲಿ, ಎಂ.ಎ. ಮಾಡಿದ್ದು ಧಾರವಾಡದ ಪಾವಟೆನಗರದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ. ಅವರು ನಮ್ಮ ಬಳಗಕ್ಕೆ ಹೇಗೆ ಸೇರುತ್ತಾರೆ ಎಂದು ಹಿರಿಯರೊಬ್ಬರು ಕೇಳಿದ್ದರು. ಪರಿಚಯದಲ್ಲಿ "ಎಂ.ಎ., ಕರ್ನಾಟಕ ವಿಶ್ವವಿದ್ಯಾಲಯ" ಎಂದು ವಿಭಾಗ, ವರ್ಷ ಸಹಿತ ಬರೆದ ಮೇಲೆ ಆ ಪ್ರಶ್ನೆ ಉಳಿಯಲಿಲ್ಲ, ಅದೇ ವಿಭಾಗದಲ್ಲಿ ಓದಿದ ಕೆಲವರು ತಾವಾಗಿಯೇ ಅವರನ್ನು ಗುರುತಿಸಿ ಮಾತನಾಡಿಸಿದರು.

ಊರಿನ ಹೆಸರೂ ಇಲ್ಲಿ ಸರಳ ವಿಷಯವಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳೂ ಮುಳುಗಡೆಯಾಗಿ, ಜನ ನವನಗರಕ್ಕೂ ಪುನರ್ವಸತಿ ಕೇಂದ್ರಗಳಿಗೂ ಬಂದು ನೆಲೆಸಿದ್ದಾರೆ. ನಮ್ಮ ಸಮಿತಿಯ ಹಿರಿಯರೊಬ್ಬರು ನವನಗರದ ಸೆಕ್ಟರ್ ಸಂಖ್ಯೆಯ ಜೊತೆಗೆ ತಮ್ಮ ಮುಳುಗಡೆಯಾದ ಹಳ್ಳಿಯ ಹೆಸರನ್ನೂ ಬರೆಯಬೇಕೆಂದು ಕೇಳಿಕೊಂಡರು. ಹಾಸ್ಟೆಲಿನಲ್ಲಿ ಅವರನ್ನು ಎಲ್ಲರೂ ಆ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರಂತೆ. ಹಾಗೆಯೇ ಬರೆದೆ. ಪಾಟೀಲ ಎಂಬ ಅಡ್ಡಹೆಸರಿನವರು ಸಮಿತಿಯಲ್ಲಿ ಇಬ್ಬರಿರುವುದರಿಂದ ಅವರಿಗೂ ಊರಿನ ಹೆಸರೇ ನೆರವಿಗೆ ಬಂತು.

ಭಾವಚಿತ್ರಗಳ ವಿಷಯ ಬೇಗ ಮುಗಿಯಿತು. ಎಲ್ಲರದನ್ನೂ ಒಂದೇ ಬಗೆಯ ಬೆಳಕಿನಲ್ಲಿ, ಎದೆಮಟ್ಟಕ್ಕೆ ತೆಗೆಸಿದೆವು. ಯಾರ ಪರಿಚಯ ಮೊದಲು, ಯಾರದು ನಂತರ ಎಂಬ ಪ್ರಶ್ನೆಗೆ ಮಾತ್ರ ಹೆಚ್ಚು ಯೋಚಿಸಬೇಕಾಯಿತು. ವಯಸ್ಸಿನ ಕ್ರಮದಲ್ಲಿ ಹಾಕಿದರೆ ಹೊಣೆ ಹೊತ್ತ ಕಿರಿಯರು ಕೊನೆಗೆ ಉಳಿಯುತ್ತಾರೆ, ಡಾಕ್ಟರೇಟ್ ಪಡೆದವರನ್ನು ಮುಂದೆ ಹಾಕಿದರೆ ಉಳಿದವರಿಗೆ ನೋವಾಗುತ್ತದೆ. ಅಧ್ಯಕ್ಷರು, ಉಪಾಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಂದು ಹುದ್ದೆಯ ಕ್ರಮದಲ್ಲಿ, ಉಳಿದ ಸದಸ್ಯರನ್ನು ಅಕಾರಾದಿಯಲ್ಲಿ ಹಾಕಿದೆ. ಈ ಕ್ರಮವನ್ನು ಸಭೆಯಲ್ಲಿ ಮೊದಲೇ ಓದಿ ಒಪ್ಪಿಸಿಕೊಂಡಿದ್ದರಿಂದ ಯಾರಿಗೂ ಬೇಸರವಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು, ಯಾರು ಯಾವಾಗ ಸಿಗುತ್ತಾರೆ ಎಂಬ ಸಾಲು. ಇವರೆಲ್ಲ ತಮ್ಮ ದುಡಿಮೆಯ ನಡುವೆ ಬಿಡುವು ಮಾಡಿಕೊಂಡು, ಬಸ್ಸಿನ ಖರ್ಚನ್ನೂ ತಾವೇ ಹಾಕಿಕೊಂಡು ಬರುವವರು. ಮುಧೋಳದ ಕಡೆಯ ನಮ್ಮ ಸದಸ್ಯರು ಕಬ್ಬು ಬೆಳೆಗಾರರು. ಕಟಾವಿನ ಕಾಲದಲ್ಲಿ, ಗ್ಯಾಂಗು ಹೊಲಕ್ಕೆ ಇಳಿದ ಮೇಲೆ, ಅವರಿಗೆ ಫೋನ್ ಎತ್ತುವಷ್ಟೂ ಪುರುಸೊತ್ತು ಇರುವುದಿಲ್ಲ. ಉಪಾಧ್ಯಕ್ಷೆ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನಗಳಲ್ಲಿ ಅವರಿಂದ ಏನನ್ನೂ ನಿರೀಕ್ಷಿಸುವುದು ನ್ಯಾಯವಲ್ಲ. ಆ ಅವಧಿಗೆ ಅವರ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಅಲ್ಲೇ ಬರೆದೆವು. ಇದರಿಂದ ಸದಸ್ಯರಿಗೂ ಅನುಕೂಲವಾಯಿತು, ಸಮಿತಿಯವರಿಗೂ ಗೌರವ ಸಲ್ಲಿಸಿದಂತಾಯಿತು.

ಮೊಬೈಲ್ ಸಂಖ್ಯೆಗಳನ್ನು ಹಾಕುವ ಮುನ್ನ ಪ್ರತಿಯೊಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆದೆ. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 2023ರ ಕೇಂದ್ರ ಕಾಯ್ದೆಯ ಮೂಲ ಆಶಯವೇ ಒಪ್ಪಿಗೆ. ಕಾಯ್ದೆ ಇಲ್ಲದಿದ್ದರೂ ಇದು ಸರಿಯಾದ ನಡೆಯೇ. ಮಹಿಳಾ ಸದಸ್ಯರು ಸಂಖ್ಯೆ ಬೇಡವೆಂದರು. ಅವರ ಪರಿಚಯದಲ್ಲಿ ಬಳಗದ ಸಾಮಾನ್ಯ ಸಂಖ್ಯೆಯನ್ನು ಹಾಕಿ, ಬಂದ ಕರೆಗಳನ್ನು ನಾನು ಅವರಿಗೆ ತಲುಪಿಸುವ ವ್ಯವಸ್ಥೆ ಮಾಡಿದೆ. ಮನೆಯ ವಿಳಾಸವನ್ನು ಯಾರದೂ ಪೂರ್ತಿಯಾಗಿ ಅಚ್ಚು ಹಾಕಲಿಲ್ಲ.

ಸ್ನೇಹ ಸಮ್ಮಿಲನದ ದಿನ ಅಚ್ಚಾದ ಪರಿಚಯ ಪತ್ರಿಕೆ ಎಲ್ಲರ ಕೈಯಲ್ಲಿದ್ದುದರಿಂದ ವೇದಿಕೆಯಲ್ಲಿ ಅದನ್ನೇ ಮತ್ತೆ ಓದಲಿಲ್ಲ. ಮೊದಲು ಹಿಂದಿನ ಸಮಿತಿಯವರನ್ನು ಎದ್ದು ನಿಲ್ಲಿಸಿ, ಅವರು ಯಾವ ಯಾವ ಕೆಲಸ ಮುಗಿಸಿ ಯಾವುದನ್ನು ನಮ್ಮ ಕೈಗೆ ಒಪ್ಪಿಸಿದ್ದಾರೆ ಎಂದು ಹೇಳಿದೆ. ನಂತರ ಹೊಸಬರು ಒಬ್ಬೊಬ್ಬರಾಗಿ ಬಂದು, ಈ ವರ್ಷ ತಾವು ಮಾಡಲಿರುವ ಒಂದು ಕೆಲಸವನ್ನು ಮಾತ್ರ ತಮ್ಮ ಬಾಯಿಂದ ಹೇಳಿದರು. ವೇದಿಕೆಯ ಮಾತಿಗೆ ಹಿಂಜರಿಯುತ್ತಿದ್ದ ಖಜಾಂಚಿಯವರು, ಲೆಕ್ಕಪತ್ರವನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಳಿಸುವುದಾಗಿ ಹೇಳಿ ಕುಳಿತರು. ಸಭೆ ಅವರಿಗೆ ಬಹಳ ಹೊತ್ತು ಚಪ್ಪಾಳೆ ತಟ್ಟಿತು. ಊಟದ ಹೊತ್ತಿಗೆ ಜನ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ತಮಗೆ ಬೇಕಾದವರನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಪತ್ರಿಕೆಯ ಕೊನೆಗೆ ಸಮಿತಿಯ ಅವಧಿಯನ್ನೂ ಸಿದ್ಧಪಡಿಸಿದ ತಿಂಗಳನ್ನೂ ನಮೂದಿಸಿದ್ದೇವೆ. ಸಮಿತಿಯ ಯಾರಿಗಾದರೂ ವರ್ಗಾವಣೆಯಾದರೆ ಅಥವಾ ಹೊಣೆ ಬದಲಾದರೆ ಅವರ ಪುಟವನ್ನಷ್ಟೇ ತಿದ್ದಿ ಸದಸ್ಯರಿಗೆ ಕಳಿಸುತ್ತೇವೆ, ಮತ್ತು ಆ ಬದಲಾವಣೆಯನ್ನು ಮುಂದಿನ ಸಭೆಯ ನಡಾವಳಿಯಲ್ಲಿ ದಾಖಲಿಸುತ್ತೇವೆ.