ವಾರೆಯಾಗಿ ಕೂಡಿದ ರೇಡಿಯಸ್‌ಗೆ ನಾನೇ ಪ್ರಿಂಟ್ ಮಾಡಿದ ಗೈಡ್

ಮಣಿಕಟ್ಟಿನ ಹತ್ತಿರ ಮುರಿದು ವಾರೆಯಾಗಿ ಕೂಡಿಕೊಂಡ, ಮುಂಗೈಯ ಹೆಬ್ಬೆರಳ ಕಡೆಯ ಮೂಳೆಯಾದ ರೇಡಿಯಸ್‌ಗಳನ್ನು ಸುಮಾರು ಹತ್ತು ವರ್ಷ ಕಣ್ಣಳತೆಯಲ್ಲೇ ಕತ್ತರಿಸಿ ಕೂರಿಸಿದೆ. ಎರಡು ಕೆ-ವೈರ್ (ಮೂಳೆಗೆ ಚುಚ್ಚುವ ಸಣ್ಣ ಲೋಹದ ಕಡ್ಡಿ), ಸಿ-ಆರ್ಮ್ (ಆಪರೇಷನ್ ನಡುವೆಯೇ ನೋಡುವ ಎಕ್ಸ್‌-ರೇ ಯಂತ್ರ), ಉಳಿದದ್ದು ಅಂದಾಜು. ಎಕ್ಸ್‌-ರೇನಲ್ಲಿ ವೋಲಾರ್ ಟಿಲ್ಟ್, ಅಂದರೆ ಮೂಳೆಯ ತುದಿ ಅಂಗೈ ಕಡೆ ವಾಲುವ ಕೋನ, ಸಹಜವಾದ 11 ಡಿಗ್ರಿಗೆ ಬಂದಿರುತ್ತಿತ್ತು. ಆದರೂ ಕೆಲವರಿಗೆ ಅಂಗೈ ಮೇಲಕ್ಕೆ ತಿರುಗುತ್ತಿರಲಿಲ್ಲ. ಮೂಳೆ ತಿರುಚಿಕೊಂಡಿದ್ದು ಎಕ್ಸ್‌-ರೇನಲ್ಲಿ ಸರಿಯಾಗಿ ಕಾಣುವುದಿಲ್ಲ ಅಲ್ವಾ.

ಅದಕ್ಕೇ ಗೈಡಿನ ಮೊರೆ ಹೋದೆ: ಸಿಟಿ ಸ್ಕ್ಯಾನ್ ನೋಡಿ ಆ ರೋಗಿಯ ಮೂಳೆಗೆ ತಕ್ಕಂತೆ ಮಾಡಿದ, ಎಲ್ಲಿ ಕೊರೆಯಬೇಕು, ಎಲ್ಲಿ ಕತ್ತರಿಸಬೇಕು ಎಂದು ತೋರಿಸುವ ಅಚ್ಚು. ಮೊದಲನೆಯದನ್ನು ಹೊರಗೆ ಮಾಡಿಸಿದೆ. ಬರಲು ಮೂರು ವಾರ ಹಿಡಿಯಿತು, ಖರ್ಚು ಮೂಳೆಗೆ ಬಿಗಿಯುವ ಲೋಹದ ಪ್ಲೇಟಿಗಿಂತ ಜಾಸ್ತಿ. ಅಂಥ ನಾಲ್ಕು ಗೈಡಿನ ದುಡ್ಡಿಗೆ ಒಂದು ರೆಸಿನ್ 3ಡಿ ಪ್ರಿಂಟರ್ ಬರುತ್ತದೆ ಎಂದು ಲೆಕ್ಕ ಹಾಕಿ ಕೊಂಡೇ ಬಿಟ್ಟೆ. ಆಟದ ಸಾಮಾನಿಗೆ ದುಡ್ಡು ಸುರಿದೆ ಎಂದರು ಜೊತೆಯವರು.

ಅದಕ್ಕೂ ಮೊದಲು ಪಿಎಲ್‌ಎ ಎಂಬ ಪ್ಲಾಸ್ಟಿಕ್ಕಿನಲ್ಲಿ ಒಂದು ಮಾಡಿದ್ದೆ. ಆಟೋಕ್ಲೇವ್‌ನಿಂದ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ತೆಗೆದಾಗ ಮೇಣದ ಹಾಗೆ ಸೊಟ್ಟಗಾಗಿತ್ತು. 60 ಡಿಗ್ರಿಗೇ ಮೆತ್ತಗಾಗುವ ವಸ್ತುವನ್ನು 121ಕ್ಕೆ ಇಟ್ಟಿದ್ದೆ. ಆಮೇಲೆ ಮೂಳೆಯನ್ನು 2 ಮಿ.ಮೀ. ದಪ್ಪದ ಸ್ಲೈಸ್, ಅಂದರೆ ಪದರಗಳಾಗಿ ತೋರಿಸುವ ಸಿಟಿ ಬಳಸಿದೆ. ಅದರಿಂದ ಬಂದ ಮೂಳೆಯ ಮಾದರಿಯ ಮೈಯೆಲ್ಲ ಮೆಟ್ಟಿಲು ಮೆಟ್ಟಿಲು. ಈಗ 0.6ಕ್ಕಿಂತ ದಪ್ಪದ ಸ್ಲೈಸ್ ಮುಟ್ಟುವುದಿಲ್ಲ.

ಎಲ್ಲಕ್ಕಿಂತ ನೋವಾದ ಸೋಲು ಮೂರನೆಯದು. ಪ್ರೊನೇಟರ್ ಸ್ನಾಯುವನ್ನು ಸರಿಸಿ ಗೈಡ್ ಇಟ್ಟರೆ ಉದ್ದಕ್ಕೂ ಜಾರುತ್ತಿತ್ತು. ರೇಡಿಯಸ್‌ನ ಮುಂಬದಿ ಅಷ್ಟು ಸಪಾಟು, ಗೈಡಿಗೆ ಹಿಡಿತವೇ ಇಲ್ಲ. ಅದನ್ನು ಪಕ್ಕಕ್ಕಿಟ್ಟು ಹಳೇ ಪದ್ಧತಿಯಲ್ಲೇ ಮುಗಿಸಿದೆ. ಮುಂದಿನ ಸಲ ಗೈಡಿನ ಒಂದು ರೆಕ್ಕೆಯನ್ನು ಹೆಬ್ಬೆರಳ ಕಡೆಯ ಅಂಚಿನ ಮೇಲೆ ಮಡಚಿದೆ. ಟಕ್ ಎಂದು ಕೂತಿತು. ಉಗುರಿನಿಂದ ನಾಲ್ಕೂ ಮೂಲೆ ಒತ್ತಿದೆ, ಅಲುಗಾಡಲಿಲ್ಲ.

ಗರಗಸಕ್ಕೆ ಸ್ಲಾಟ್ ಇಡುವುದನ್ನೂ ಬಿಟ್ಟೆ. ಬ್ಲೇಡ್ ರೆಸಿನ್ ಕೆರೆದು ಪುಡಿ ಗಾಯಕ್ಕೆ ಬೀಳುತ್ತದೆ. ಗೈಡಿನಲ್ಲಿ ಪ್ಲೇಟಿನ ಸ್ಕ್ರೂ ತೂತುಗಳು ಮಾತ್ರ. ತೂತು ಮೊದಲು, ಕತ್ತರಿಸುವುದು ಆಮೇಲೆ. ಮೂಳೆ ಸರಿಯಾದ ಮೇಲೆ ಸ್ಕ್ರೂ ಎಲ್ಲಿ ಬರಬೇಕೋ ಆ ಲೆಕ್ಕದಲ್ಲೇ ತೂತು ಇರುವುದರಿಂದ, ಪ್ಲೇಟ್ ಬಿಗಿದರೆ ಮೂಳೆ ತಾನಾಗಿ ಜಾಗಕ್ಕೆ ಬರುತ್ತದೆ. ಡ್ರಿಲ್ ಹಾದುಹೋಗುವ ಸ್ಲೀವಿಗೆ ಎಷ್ಟು ಸಡಿಲ ಬಿಡುತ್ತೇನೆ ಎನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಆರು ತಿಂಗಳು ಹೋಗಿದೆ.

ವಾರೆಯಾದ ಮೂಳೆ ಹೇಗಿರಬೇಕು ಎನ್ನುವುದಕ್ಕೆ ರೋಗಿಯ ಸರಿಯಿರುವ ಕೈಯೇ ಮಾದರಿ. ಅದನ್ನು ಎಷ್ಟು ನಂಬಬಹುದು ಎಂದು ನಡುವೆ ಸುಮ್ನೆ ಇನ್ನೊಂದು ಪ್ರಯೋಗ ಮಾಡಿದೆ. ಎರಡೂ ಕೈ ಸರಿಯಿದ್ದ ಹನ್ನೆರಡು ಜನರ ಸ್ಕ್ಯಾನ್ ತೆಗೆದುಕೊಂಡು, ಒಂದು ರೇಡಿಯಸನ್ನು ಕನ್ನಡಿಯಂತೆ ತಿರುಗಿಸಿ ಇನ್ನೊಂದರ ಮೇಲೆ ಕೂರಿಸಿದೆ. ಉದ್ದದಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸ ಬಂತು. ಹಾಗಾಗಿ ಆಕಾರ, ತಿರುಚು ಮಾತ್ರ ಸರಿಯಿರುವ ಕೈಯಿಂದ ತೆಗೆದುಕೊಳ್ಳುತ್ತೇನೆ. ಉದ್ದವನ್ನು ಮುರಿದ ಕೈಯದೇ ಅಲ್ನಾ (ರೇಡಿಯಸ್ ಪಕ್ಕದ ಮೂಳೆ) ನೋಡಿ ಹೊಂದಿಸುತ್ತೇನೆ.

ಇಲ್ಲಿಯವರೆಗೆ ಹದಿನಾಲ್ಕು ಕೈಗಳಾಗಿವೆ. ಅಂಗೈ ಮೇಲಕ್ಕೆ ತಿರುಗುವುದು ಸುಮಾರು 40 ಡಿಗ್ರಿಯಿಂದ 70ರ ಹತ್ತಿರ ಬಂದಿದೆ. ಕಣ್ಣಳತೆಯಲ್ಲಿ ಇಷ್ಟು ನನಗೆ ಯಾವತ್ತೂ ಸಿಕ್ಕಿರಲಿಲ್ಲ. ಕೀಲಿನೊಳಗೇ ವಾರೆ ಕೂಡಿದ್ದಕ್ಕೆ ಮಾತ್ರ ಇನ್ನೂ ಕೈ ಹಾಕಿಲ್ಲ. ಅಲ್ಲಿನ ಕಾರ್ಟಿಲೇಜ್ (ಮೃದ್ವಸ್ಥಿ) ಮಾಮೂಲಿ ಸಿಟಿಯಲ್ಲಿ ಕಾಣುವುದಿಲ್ಲ. ಈಗ ಎಂಆರ್‌ಐ ಜೋಡಿಸಿ ನೋಡುತ್ತಿದ್ದೇನೆ.