ಹಳೇ ರೋಡ್‌ಸ್ಟರ್‌ನ ಸ್ಟೀರಿಂಗ್ ಯಾಕೆ ಹಗುರವಾಯ್ತು: ನನ್ನ ಅನುಭವ

ಸ್ಟೀರಿಂಗ್ ಹಗುರ ಅಂದ್ರೆ ನಮ್ಮ ಕಡೆ ಹೊಗಳಿಕೆ. ಪವರ್ ಸ್ಟೀರಿಂಗ್ ಇಲ್ಲದ ಮಾರುತಿ 800ರಲ್ಲಿ ಬೆಂಗಳೂರಿನ ಗಲ್ಲಿಗಳನ್ನು ಸುತ್ತಿದವರಿಗೆ ಇದು ಚೆನ್ನಾಗಿ ಗೊತ್ತು. ಆದರೆ ನನ್ನ 1994ರ ಯೂನೋಸ್ ರೋಡ್‌ಸ್ಟರ್‌ನಲ್ಲಿ ಅದೇ ಹಗುರ ಒಂದು ತೊಂದರೆಯಾಗಿ ಬಂತು. ಇದು ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಗಾಡಿ. ಜಪಾನಿನಲ್ಲಿ ಯೂನೋಸ್ ಹೆಸರಲ್ಲಿ ಮಾರಿದರು. ಬ್ರಿಟನ್ನಿನಲ್ಲೂ ಸ್ಟೀರಿಂಗ್ ಬಲಗಡೆಯೇ ಆದ್ದರಿಂದ ಹಳೇ ಯೂನೋಸ್‌ಗಳು ಇಲ್ಲಿಗೆ ಬೇಕಾದಷ್ಟು ಬಂದಿವೆ. ತೂಕ ಸುಮಾರು ಒಂದು ಟನ್. ಜನ ಇದನ್ನು ಇಷ್ಟಪಡುವುದೇ ಸ್ಟೀರಿಂಗ್‌ಗಾಗಿ.

ನಾನಿರುವುದು ಬ್ರಿಟನ್ನಿನ ಮಿಲ್ಟನ್ ಕೀನ್ಸ್‌ನಲ್ಲಿ. ಗಾಡಿಯ ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಶ್‌ಗಳೆಲ್ಲ ಸತ್ತುಹೋಗಿದ್ದವು. ಒಂದು ಗ್ಯಾರೇಜಿಗೆ ಕೊಟ್ಟು ಬುಶ್ ಬದಲಾಯಿಸಿ, ಎತ್ತರ ಹೊಂದಿಸಬಹುದಾದ, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಿಯಾಗಿರುವ ಕಾಯಿಲ್‌ಓವರ್ ಹಾಕಿಸಿದೆ. ಆಮೇಲೆ ಒಂದು ಟೈರ್ ಅಂಗಡಿಯವರು ಟ್ರ್ಯಾಕಿಂಗ್ (ಚಕ್ರಗಳ ದಿಕ್ಕು ಹೊಂದಿಸುವ ಕೆಲಸ) ಮಾಡಿಕೊಟ್ಟರು. ಗಾಡಿ ಗುಂಡಿಗಳ ಮೇಲೆ ಚೆನ್ನಾಗಿಯೇ ಹೋಗುತ್ತಿತ್ತು. ಸ್ಟೀರಿಂಗ್ ಮಾತ್ರ ಬೇರೆ ಗಾಡಿಯದು ಅನ್ನಿಸುತ್ತಿತ್ತು.

ಈ ಊರಲ್ಲಿ ವೃತ್ತಗಳಿಗೆ ಬರವಿಲ್ಲ, ನೂರಕ್ಕೂ ಜಾಸ್ತಿ ಇವೆ. ಸ್ಟೀರಿಂಗ್ ಪರೀಕ್ಷೆಗೆ ಇದಕ್ಕಿಂತ ಒಳ್ಳೇ ಜಾಗ ಬೇಡ. ವೃತ್ತದಿಂದ ಹೊರಬರುವಾಗ ಹಿಡಿತ ಸಡಿಲ ಮಾಡಿದರೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗಬೇಕು. ನನ್ನದು ಬಿಟ್ಟಲ್ಲೇ ನಿಲ್ಲುತ್ತಿತ್ತು. ಎಂ1 ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ಹೋಗುವಾಗ ಸುಮ್ನೆ ಕೈಯಿಟ್ಟುಕೊಂಡು ಕೂರುವ ಹಾಗಿಲ್ಲ. ಆ ಕಡೆ ಚೂರು, ಈ ಕಡೆ ಚೂರು ತಿದ್ದುತ್ತಲೇ ಇರಬೇಕು.

ಗ್ಯಾರೇಜಿನವರನ್ನು ಕೇಳಿದರೆ, "ಹೊಸ ಬುಶ್ ಅಲ್ವಾ, ಸ್ವಲ್ಪ ಓಡಿಸಿ, ಸರಿಹೋಗುತ್ತೆ" ಅಂದರು. ಬುಶ್ ಹಳೆಯದಾದರೆ ಚಕ್ರಗಳ ಕೋನಗಳು ತಾವಾಗಿ ಸರಿಹೋಗಲ್ಲ. ಬೆಲ್ಟ್ ತೆಗೆದು ಪವರ್ ಸ್ಟೀರಿಂಗನ್ನೇ ನಿಲ್ಲಿಸಿಬಿಡು ಅಂತ ಸಲಹೆ ಕೊಟ್ಟವರೂ ಇದ್ದಾರೆ. ಆಗ ಸ್ಟೀರಿಂಗ್ ಭಾರ ಆಗುತ್ತೆ, ನಿಜ. ಆದರೆ ನಮಗೆ ಬೇಕಾದದ್ದು ಬರೀ ಭಾರ ಅಲ್ಲ, ತಾನಾಗಿ ನೆಟ್ಟಗಾಗುವ ಗುಣ. ಅದು ಬೆಲ್ಟ್ ತೆಗೆದರೆ ಬರಲ್ಲ.

ಇಂಥ ದೂರು ಬಂದಾಗ ನಾನು ಮೊದಲು ನೋಡುವುದು ಎರಡು ಲಕ್ಷಣಗಳ ಜೋಡಿಯನ್ನು. ಸ್ಟೀರಿಂಗ್ ಭಾರವಾಗಿದ್ದು ವಾಪಸ್ ಬರದಿದ್ದರೆ ಎಲ್ಲೋ ಬಿಗಿತ ಇದೆ: ಬಾಲ್ ಜಾಯಿಂಟ್, ಸ್ಟೀರಿಂಗ್ ಕಂಬದ ಜಾಯಿಂಟ್, ಚಕ್ರಗಳನ್ನು ಎಡಬಲಕ್ಕೆ ತಿರುಗಿಸುವ ರ‍್ಯಾಕ್, ಇವುಗಳಲ್ಲಿ ಒಂದು. ಹಗುರವಾಗಿದ್ದೂ ವಾಪಸ್ ಬರದಿದ್ದರೆ ಅನುಮಾನ ಕ್ಯಾಸ್ಟರ್ ಮೇಲೆ, ಅಂದರೆ ಮುಂದಿನ ಚಕ್ರ ತಿರುಗುವ ಅಕ್ಷದ ವಾಲಿಕೆಯ ಮೇಲೆ. ನಡುವೆ ಮಾತ್ರ ಸಡಿಲವಾಗಿ, ತಿರುಗಿಸಿದ ಮೇಲೆ ಸರಿಯಾದರೆ ಟೈ ರಾಡ್ (ರ‍್ಯಾಕ್‌ನಿಂದ ಚಕ್ರಕ್ಕೆ ಹೋಗುವ ಸರಳು) ಅಥವಾ ರ‍್ಯಾಕ್ ಕೂರಿಸಿದ ಜಾಗ ನೋಡಬೇಕು. ನನ್ನದು ಎರಡನೆಯ ಜಾತಿ. ಆದರೂ ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿದೆ.

ಟೈರ್ ಗಾಳಿ ನೋಡಿದರೆ 36 ಪಿಎಸ್‌ಐ! ಈ ಗಾಡಿಗೆ ಕಂಪನಿ ಹೇಳುವುದು 26. ಅಂಗಡಿಯವರು ಎಲ್ಲ ಗಾಡಿಗೂ ಹಾಕುವ ಹಾಗೆ ಇದಕ್ಕೂ ತುಂಬಿದ್ದರು. ಗಾಳಿ ಜಾಸ್ತಿಯಾದರೆ ಟೈರ್ ನೆಲಕ್ಕೆ ತಾಗುವ ಭಾಗ ಚಿಕ್ಕದಾಗುತ್ತೆ, ಟೈರ್ ತನ್ನಷ್ಟಕ್ಕೆ ನೆಟ್ಟಗಾಗಲು ತಳ್ಳುವ ಬಲವೂ ಇಳಿಯುತ್ತೆ. 26ಕ್ಕೆ ಇಳಿಸಿದಾಗ ರಸ್ತೆ ಸ್ವಲ್ಪ ಕೈಗೆ ತಿಳಿಯಲು ಶುರುವಾಯ್ತು. ವೃತ್ತದಿಂದ ಹೊರಬರುವಾಗ ಮಾತ್ರ ಅದೇ ಕಥೆ. ಮುಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮೇಲೆ ಕೆಳಗೆ ಹಿಡಿದು, ಎಡಬಲ ಹಿಡಿದು ಅಲುಗಿಸಿದೆ. ಆಟವೇ ಇಲ್ಲ. ಆ ತುದಿಯಿಂದ ಈ ತುದಿಗೆ ತಿರುಗಿಸಿದರೆ ಎಲ್ಲೂ ಹಿಡಿಯುತ್ತಿಲ್ಲ.

ಹಾಗಾದರೆ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗೆ ನಿಂತಿರದೆ ಹಿಂದಕ್ಕೆ ವಾಲಿರುವುದನ್ನು ನೋಡಿದ್ದೀರಲ್ಲ, ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಅದೂ ಒಂದು ಕಾರಣ. ಕಾರಿನಲ್ಲೂ ಚಕ್ರ ತಿರುಗುವ ಅಕ್ಷ ಹೀಗೇ ವಾಲಿರುತ್ತೆ. ಆ ಅಕ್ಷ ನೆಲ ಮುಟ್ಟುವ ಬಿಂದು ಟೈರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದಿರುತ್ತೆ. ಹಾಗಾಗಿ ಟೈರ್ ಹಿಂದಿನಿಂದ ಎಳೆಸಿಕೊಂಡು ಬಂದು ನೆಟ್ಟಗಾಗುತ್ತೆ. ಈ ಗಾಡಿಯ 185/60 ಆರ್14 ಟೈರಿಗೆ ಲೆಕ್ಕ ಹಾಕಿದರೆ, 4.5 ಡಿಗ್ರಿ ಕ್ಯಾಸ್ಟರ್‌ನಲ್ಲಿ ಆ ಅಂತರ ಸುಮಾರು 22 ಮಿ.ಮೀ. ಕ್ಯಾಸ್ಟರ್ 2.5ಕ್ಕೆ ಇಳಿದರೆ 12 ಮಿ.ಮೀ. ಅಷ್ಟೆ. ಹೆಚ್ಚುಕಡಿಮೆ ಅರ್ಧಕ್ಕರ್ಧ ಹೋಯಿತು.

ಅಳೆಯಲು ದೊಡ್ಡ ಯಂತ್ರವೇನೂ ಬೇಡ. ಸಮತಟ್ಟಾದ ನೆಲ, ಡಿಜಿಟಲ್ ಕೋನಮಾಪಕ, ಮುಂದಿನ ಪ್ರತಿ ಚಕ್ರದ ಕೆಳಗೆ ನುಣುಪಾದ ಎರಡು ನೆಲದ ಟೈಲ್, ನಡುವೆ ಗ್ರೀಸ್. ಟೈಲ್ ಜಾರುವುದರಿಂದ ಟೈರ್ ಒದ್ದಾಡದೆ ತಿರುಗುತ್ತೆ. ಹಿಂದಿನ ಚಕ್ರಗಳ ಕೆಳಗೂ ಅಷ್ಟೇ ದಪ್ಪದ ಟೈಲ್ ಇಡಬೇಕು, ಇಲ್ಲದಿದ್ದರೆ ಗಾಡಿಯೇ ವಾಲುತ್ತೆ. ಚಕ್ರವನ್ನು ಹೊರಗೆ 20 ಡಿಗ್ರಿ ತಿರುಗಿಸಿ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವ ಕೋನ) ಬರೆದುಕೊಳ್ಳಿ. ಒಳಗೆ 20 ಡಿಗ್ರಿ ತಿರುಗಿಸಿ ಮತ್ತೆ ಬರೆದುಕೊಳ್ಳಿ. ಎರಡರ ವ್ಯತ್ಯಾಸವನ್ನು 1.5ರಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತೆ. ನನಗೆ ಎಡಕ್ಕೆ 2.4, ಬಲಕ್ಕೆ 2.7 ಬಂತು. ಕಂಪನಿ ಲೆಕ್ಕದಲ್ಲಿ ಸುಮಾರು 4.5 ಇರಬೇಕು.

ಎಲ್ಲಿ ಹೋಯಿತು ಇಷ್ಟು? ಎರಡು ದಾರಿಯಲ್ಲಿ ಸೋರಿತ್ತು. ಮೊದಲನೆಯದು ಎತ್ತರ. ಕಾಯಿಲ್‌ಓವರ್ ಹಾಕಿದವರು ಮುಂದೆ ಚೆನ್ನಾಗಿ ಇಳಿಸಿ ಹಿಂದೆ ಎತ್ತರವಾಗಿಯೇ ಬಿಟ್ಟಿದ್ದರು. ಮೂತಿ ಕೆಳಗಾದರೆ ಇಡೀ ಗಾಡಿ ಮುಂದಕ್ಕೆ ವಾಲುತ್ತೆ, ಆ ವಾಲು ಅಷ್ಟೂ ಕ್ಯಾಸ್ಟರ್‌ನಿಂದ ಕಳೆಯುತ್ತೆ. ಈ ಗಾಡಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2265 ಮಿ.ಮೀ. ಹಿಂದೆ 40 ಮಿ.ಮೀ. ಎತ್ತರವಾದರೆ ಒಂದು ಡಿಗ್ರಿ ಹೋಯಿತು ಅಂತಲೇ ಲೆಕ್ಕ. ನನ್ನದರಲ್ಲಿ ಇರಬೇಕಾದ್ದಕ್ಕಿಂತ 20 ಮಿ.ಮೀ. ಜಾಸ್ತಿ ಇತ್ತು, ಅಂದರೆ ಅರ್ಧ ಡಿಗ್ರಿ. ಚಕ್ರದ ಮೇಲಿನ ಕಮಾನು ನೋಡಿ ಎತ್ತರ ಅಂದಾಜಿಸಬೇಡಿ, ಮುಂದಿನದ್ದು ಹಿಂದಿನದ್ದು ಒಂದೇ ಆಕಾರದಲ್ಲಿ ಇರಲ್ಲ. ಬಾಗಿಲ ಕೆಳಗೆ ಜಾಕ್ ಕೊಡುವ ಅಂಚಿನಿಂದ ನೆಲಕ್ಕೆ ಅಳೆಯಿರಿ.

ಮಿಕ್ಕದ್ದೆಲ್ಲ ಕೆಳಗಿನ ವಿಶ್‌ಬೋನ್ (ಚಕ್ರವನ್ನು ಗಾಡಿಗೆ ಸೇರಿಸುವ ತೋಳು) ಹಿಡಿದಿರುವ ಬೋಲ್ಟ್‌ಗಳಲ್ಲಿ. ಪ್ರತಿ ಕಡೆ ಎರಡು. ಅವುಗಳ ತಲೆ ನಡುವಿನಿಂದ ಸರಿದಿರುವುದರಿಂದ ತಿರುಗಿಸಿದರೆ ತೋಳಿನ ಬುಡ ಒಳಗೋ ಹೊರಗೋ ಸರಿಯುತ್ತೆ. ಕ್ಯಾಂಬರ್, ಕ್ಯಾಸ್ಟರ್ ಎರಡೂ ಇಲ್ಲೇ. ಇಲ್ಲಿನ ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಸುರಿಯುತ್ತಾರೆ. ಈ ಬೋಲ್ಟ್‌ಗಳು ಬುಶ್ಶಿನ ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ನನ್ನವನ್ನು ಕತ್ತರಿಸಿಯೇ ತೆಗೆದಿದ್ದರು. ಹೊಸವನ್ನು ಹಾಕುವಾಗ ಹಳೇ ಗುರುತು ಎಲ್ಲಿ? ಕೈಗೆ ಬಂದ ಹಾಗೆ ಕೂರಿಸಿದ್ದಾರೆ. ಟೈರ್ ಅಂಗಡಿಯ ಟ್ರ್ಯಾಕಿಂಗ್ ಅಂದರೆ ಬರೀ ಟೋ: ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಟೈ ರಾಡ್ ತಿರುಗಿಸಿ ಮುಗಿಸಿದ್ದಾರೆ. ವರ್ಷಕ್ಕೊಮ್ಮೆ ಮಾಡಿಸುವ ಎಂಒಟಿ ತಪಾಸಣೆಯಲ್ಲೂ ಕ್ಯಾಸ್ಟರ್ ಅಳೆಯಲ್ಲ. ಹಾಗಾಗಿ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಮೊದಲು ಹಿಂದಿನ ಎತ್ತರ ಇಳಿಸಿದೆ. ಕ್ರಮ ಮುಖ್ಯ: ಎತ್ತರ, ಆಮೇಲೆ ಕ್ಯಾಸ್ಟರ್ ಮತ್ತು ಕ್ಯಾಂಬರ್, ಕೊನೆಗೆ ಟೋ. ಹಿಂದುಮುಂದು ಮಾಡಿದರೆ ಮಾಡಿದ್ದೇ ಮಾಡಬೇಕು. ಡ್ರೈವರ್ ಸೀಟಿನಲ್ಲಿ ನನ್ನ ತೂಕದಷ್ಟು ಮರಳಿನ ಚೀಲ ಇಟ್ಟೆ. ಮುಂದಿನ ಬೋಲ್ಟ್‌ನಿಂದ ತೋಳನ್ನು ಒಳಕ್ಕೆ, ಹಿಂದಿನದ್ದರಿಂದ ಹೊರಕ್ಕೆ ಸರಿಸಿದರೆ ಕೆಳಗಿನ ಬಾಲ್ ಜಾಯಿಂಟ್ ಮುಂದಕ್ಕೆ ಹೋಗಿ ಕ್ಯಾಸ್ಟರ್ ಏರುತ್ತೆ. ಎರಡನ್ನೂ ಹೊರಕ್ಕೆ ಸರಿಸಿದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವುದು) ಜಾಸ್ತಿ. ಕ್ಯಾಂಬರ್ ಆಸೆಗೆ ಬಿದ್ದು ಎರಡನ್ನೂ ಪೂರ್ತಿ ಹೊರಗೆ ಹಾಕಿದರೆ ಕ್ಯಾಸ್ಟರ್‌ಗೆ ಜಾಗವೇ ಉಳಿಯಲ್ಲ. ರೇಸ್ ಟ್ರ್ಯಾಕಿಗೆ ಅಂತ ಹೊಂದಿಸಿದ ಗಾಡಿಗಳಲ್ಲಿ ಇದನ್ನು ಕಾಣಬಹುದು. ದಿನಾ ಓಡಿಸುವ ಗಾಡಿಗೆ ಕ್ಯಾಂಬರ್ 1 ಡಿಗ್ರಿ ಆಸುಪಾಸು ಸಾಕು, ಮಿಕ್ಕದ್ದನ್ನು ಕ್ಯಾಸ್ಟರ್‌ಗೆ ಕೊಡಿ ಅನ್ನುವವನು ನಾನು.

ಎರಡೂ ಕಡೆ 4.8ಕ್ಕೆ ತಂದೆ. ನಂತರ ನಾಲ್ಕೂ ಚಕ್ರ ಅಳೆಯುವ ಒಂದು ಕಡೆ ಹೋಗಿ ಮುದ್ರಿತ ಹಾಳೆ ಕೇಳಿ ತೆಗೆದುಕೊಂಡೆ. ನನ್ನ ಟೈಲ್ ಲೆಕ್ಕಕ್ಕೂ ಅವರ ಯಂತ್ರಕ್ಕೂ ತೀರಾ ಕಡಿಮೆ ವ್ಯತ್ಯಾಸ. ಹಾಳೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು: ಹಿಂದಿನ ಒಂದು ಚಕ್ರ ಟೋ-ಔಟ್ ಇತ್ತು. ಹೆದ್ದಾರಿಯಲ್ಲಿ ಗಾಡಿ ಅಲೆಯುವುದಕ್ಕೆ ಅರ್ಧ ಕಾರಣ ಅದೇ. ಹಿಂಬದಿ ತಾನೇ ತಿರುಗಲು ಹೋದರೆ ಓಡಿಸುವವರಿಗೆ ಮುಂದಿನ ಸ್ಟೀರಿಂಗ್ ಹಗುರವಾದ ಹಾಗೆ ಅನ್ನಿಸುತ್ತೆ. ಅದನ್ನೂ ಚೂರು ಟೋ-ಇನ್‌ಗೆ ತಂದರು. ಈಗ ವೃತ್ತದಿಂದ ಹೊರಬರುವಾಗ ಸ್ಟೀರಿಂಗ್ ಬೆರಳುಗಳ ನಡುವೆ ತಾನೇ ಜಾರಿ ನೆಟ್ಟಗಾಗುತ್ತೆ. ಪಾರ್ಕಿಂಗ್‌ನಲ್ಲಿ ಸ್ವಲ್ಪ ಭಾರ.

ಈ ಕೆಲಸಕ್ಕೆ ಕೈ ಹಾಕುವವರು ರಬ್ಬರ್ ಬುಶ್ ಹಾಕಿದ್ದರೆ ಅವುಗಳ ಬೋಲ್ಟ್‌ಗಳ ಕೊನೆಯ ಬಿಗಿತವನ್ನು ಚಕ್ರ ನೆಲದ ಮೇಲಿದ್ದಾಗಲೇ ಕೊಡಿ. ಗಾಡಿ ಎತ್ತಿ, ತೋಳು ನೇತಾಡುವಾಗ ಬಿಗಿದರೆ ಬುಶ್ ಸದಾ ತಿರುಚಿಕೊಂಡೇ ಇರುತ್ತೆ. ಎತ್ತರವೂ ಕೆಡುತ್ತೆ, ಬುಶ್ಶೂ ಬೇಗ ಹರಿಯುತ್ತೆ. ಬೋಲ್ಟ್‌ಗೆ ತಾಮ್ರದ ಗ್ರೀಸ್ ಹಚ್ಚಿ, ತಲೆಯ ಸ್ಥಾನಕ್ಕೆ ಬಣ್ಣದ ಗುರುತು ಹಾಕಿ. ಮುಂದೊಮ್ಮೆ ಬೋಲ್ಟ್ ಸರಿದಿದ್ದರೆ ಟಾರ್ಚ್ ಹಿಡಿದು ನೋಡಿದ ಕೂಡಲೇ ಗೊತ್ತಾಗುತ್ತೆ.